ಅಗಸಿಯಿಂದ ಹದಿನಾಲ್ಕನೇ ಮನೆ

ವಿಜ್ಞಾನ ಮೇಳದಲ್ಲಿ ನಾನೊಮ್ಮೆ ಶಿಕ್ಷಣ ಇಲಾಖೆಯ ದೊಡ್ಡ ಸಾಹೇಬರ ಕೈಗೆ ಹೊಡೆದಿದ್ದೇನೆ. ಮೆಲ್ಲಗೆ ತಟ್ಟಿದ್ದಲ್ಲ, ಛಟೀರನೆ ಹೊಡೆದದ್ದು! ಅವರ ಕೈಯಲ್ಲಿದ್ದ ತಂಪು ಪಾನೀಯದ ಬಾಟಲಿ ನೆಲಕ್ಕೆ ಬಿದ್ದು ಮೇಜಿನ ಕೆಳಗೆ ಉರುಳಿತು. ಹುಡುಗರು, ಮಾಸ್ತರರು, ಪಾಲಕರು ಎಲ್ಲರೂ ಬಾಯಿ ತೆರೆದು ನಿಂತರು. ನನ್ನ ನೌಕರಿ ಅಲ್ಲಿಗೆ ಮುಗಿಯಿತೆಂದು ಪಕ್ಕದಲ್ಲಿದ್ದ ಹಿಂದಿ ಟೀಚರು ಕಣ್ಣು ಮುಚ್ಚಿಕೊಂಡರಂತೆ. ಮುಗಿಯಲಿಲ್ಲ. ನನ್ನ ನಿಜವಾದ ಕೆಲಸ ಶುರುವಾದದ್ದೇ ಆ ಹೊಡೆತದಿಂದ.

ಅದು ಆಳಂದ ತಾಲೂಕಿನ ಒಂದು ಪ್ರೌಢಶಾಲೆ, ನಾನಾಗ ವಿಜ್ಞಾನದ ಟೀಚರು. ತೊಗರಿ ಹೂ ಬಿಡುವ ಕಾಲ, ಬಸ್ಸು ನಿಂಬರ್ಗಾ ದಾಟಿದ ಮೇಲೆ ಎರಡೂ ಬದಿಗೆ ಹಳದಿಯೇ ಹಳದಿ. ಆ ಶಾಲೆಯ ಒಬ್ಬ ಹುಡುಗ ತೊಗರಿಯ ಕಾಯಿಕೊರಕ ಹುಳದ ಮೇಲೆ ಪ್ರಯೋಗ ಮಾಡಿದ್ದ. ಯಾವ ಔಷಧಕ್ಕೆ ಹುಳ ಎಷ್ಟು ಹೊತ್ತಿಗೆ ಸಾಯುತ್ತದೆ ಎಂಬುದು ಅವನ ಪ್ರಶ್ನೆ. ಔಷಧ ಎಲ್ಲಿಂದ ತಂದ? ಮನೆಯಿಂದ. ಯಾವುದರಲ್ಲಿ ತಂದ? ಮನೆಯಲ್ಲಿ ಖಾಲಿ ಬಿದ್ದಿದ್ದ ತಂಪು ಪಾನೀಯದ ಬಾಟಲಿಯಲ್ಲಿ! ಸಾಹೇಬರು ಜೀಪಿನಲ್ಲಿ ಬಿಸಿಲು, ಧೂಳು ಎರಡನ್ನೂ ಕುಡಿದು ಬಂದಿದ್ದರು. ಅರ್ಧ ತುಂಬಿದ ಬಾಟಲಿ ಮೇಜಿನ ಮೇಲೆ ಕಂಡಿತು, ಅತಿಥಿಗಳಿಗೆ ಇಟ್ಟದ್ದೆಂದು ತಿಳಿದು ಎತ್ತಿಕೊಂಡರು, ಮುಚ್ಚಳ ತಿರುಗಿಸಿದರು. ಹುಡುಗನ ಮುಖದ ಬಣ್ಣವೇ ಹೋಯಿತು. ನಾನು ನೋಡಿದ್ದು ಬಾಟಲಿಯನ್ನಲ್ಲ, ಆ ಮುಖವನ್ನು. ಕೈ ತಾನಾಗಿ ಬೀಸಿತು.

"ಏನ್ರೀ ಟೀಚರ್! ತಲಿ ಕೆಟ್ಟದೇನ್ರಿ ನಿಮ್ಮದು?" ಎಂದು ಸಾಹೇಬರು ಗುಡುಗಿದರು.

"ನಂದು ಕೆಟ್ಟಿಲ್ರಿ ಸಾಹೇಬ್ರ. ಅದನ್ನ ಒಂದು ಗುಟುಕು ಕುಡದಿದ್ರ ನಿಮ್ಮದು ಎಲ್ಲಾ ಕೆಡ್ತಿತ್ತು! ತೊಗರಿಗಿ ಹೊಡಿಯೂ ಔಷಧ ಅದು!"

ಸಾಹೇಬರು ಅಲ್ಲೇ ಇದ್ದ ಹುಡುಗರ ಬೆಂಚಿನ ಮೇಲೆ ಕುಸಿದು ಕುಳಿತರು. ಯಾರೋ ಓಡಿಹೋಗಿ ಒಂದು ಲೋಟ ನೀರು ತಂದುಕೊಟ್ಟರು. ಆ ನೀರನ್ನು ಅವರು ಎಷ್ಟು ಹೊತ್ತು ದಿಟ್ಟಿಸಿ ನೋಡಿದರೆಂದರೆ, ನನಗೆ ನಗು ತಡೆಯುವುದೇ ಕಷ್ಟವಾಯಿತು. ಹೊರಡುವಾಗ ನನ್ನನ್ನು ಕರೆದು, "ಇನ್ನ ಮ್ಯಾಲ ನೀವು ನೋಡಿ ಸಹಿ ಮಾಡದ ಹೊರತು ಒಂದು ಪ್ರಯೋಗನೂ ಮೇಜಿನ ಮ್ಯಾಲ ಬರಬಾರ್ದು. ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲೂಕು ನಿಮ್ಮ ಮ್ಯಾಲ" ಎಂದರು. ಅದು ಬಹುಮಾನವೋ ಶಿಕ್ಷೆಯೋ ನನಗೆ ಇವತ್ತಿಗೂ ತಿಳಿದಿಲ್ಲ.

ಹೋದ ವರ್ಷ ನಿವೃತ್ತಳಾದೆ. ಈಗ ಹೊಸದಾಗಿ ಪರಿಶೀಲನಾ ಸಮಿತಿಗೆ ಬರುತ್ತಿರುವ ಹುಡುಗ ಹುಡುಗಿಯರು, ಅಂದರೆ ನಮ್ಮ ಹೊಸ ವಿಜ್ಞಾನ ಮಾಸ್ತರರು, "ಆ ಕೆಲಸದಾಗ ಏನದ ರೀ ಟೀಚರ್, ಬರೇ ಫಾರಮ್ಮಿಗಿ ಸಹಿ ಅಲ್ಲೇನ್ರಿ?" ಎಂದು ಕೇಳುತ್ತಾರೆ. ಅಯ್ಯ ಶಿವನೇ! ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಬಂತು, ಶಾಲು ಯಾರು ಹೊದಿಸಿದರು ಎಂಬುದೆಲ್ಲ ಇಲ್ಲಿಲ್ಲ. ಇದರಲ್ಲಿ ಬರುವವರ ಹೆಸರುಗಳನ್ನು ಬದಲಿಸಿದ್ದೇನೆ. ಒಂದೇ ಒಂದು ಹೆಸರನ್ನು ಇದ್ದಂತೆಯೇ ಬಿಟ್ಟಿದ್ದೇನೆ. ಯಾಕೆ ಬಿಟ್ಟೆನೆಂದು ಹೇಳುವುದಕ್ಕೇ ಇಷ್ಟೆಲ್ಲ ಬರೆಯಬೇಕಾಯಿತು.

ಸಾಹೇಬರ ಆ ಮಾತಿನಿಂದ ಹುಟ್ಟಿದ ಸಮಿತಿಯಲ್ಲಿ ನಾವು ಮೂವರು. ಅಧ್ಯಕ್ಷರು ಬಿರಾದಾರ ಸರ್, ಹಿರಿಯ ಹೆಡ್ ಮಾಸ್ತರರು, ಬಂಗಾರದಂಥ ಮನುಷ್ಯ. ಅವರ ಒಂದೇ ದೋಷ ಅಂದರೆ ಓದದೆ ಸಹಿ ಮಾಡುವುದು. ಎರಡನೆಯವರು ಡಾಕ್ಟರ್ ನಜೀರ್, ಸರಕಾರಿ ದವಾಖಾನೆಯವರು, ಇವರು ಓದಿದ್ದನ್ನೇ ಮೂರು ಸಲ ಓದುವವರು. ಒಬ್ಬರ ವೇಗ ಇನ್ನೊಬ್ಬರ ನಿಧಾನ ಎರಡರ ನಡುವೆ ಒದ್ದಾಡುವವಳು ನಾನು. ನಮ್ಮ ನಿಯಮ ಸರಳ: ಬೆಂಕಿ, ವಿಷ, ರೋಗಾಣು, ಪ್ರಾಣಿ, ಮನುಷ್ಯ, ಈ ಐದರಲ್ಲಿ ಯಾವುದಿದ್ದರೂ ಮೊದಲು ನಮ್ಮ ಒಪ್ಪಿಗೆ, ಆಮೇಲೆ ಪ್ರಯೋಗ. ಮಕ್ಕಳು ಯಾರನ್ನಾದರೂ ಪ್ರಶ್ನೆ ಕೇಳಿದರೆ, ಯಾರ ಮನೆಯಿಂದಾದರೂ ಏನಾದರೂ ತಂದರೆ ಅವರ ಒಪ್ಪಿಗೆ ಸಹಿಯೂ ಬೇಕು.

ನಿಯಮ ಸರಳ, ಪಾಲನೆ ದೇವರಿಗೇ ಪ್ರೀತಿ! ಪ್ರಯೋಗ ಮುಗಿದು, ಚಾರ್ಟಿಗೆ ಬಣ್ಣ ಬಳಿದು, ಮೇಳದ ಹಿಂದಿನ ದಿನ ಫಾರಮ್ಮುಗಳು ಬಿಸಿ ಬಿಸಿಯಾಗಿ ಬರುತ್ತಿದ್ದವು. ಒಂದು ಶಾಲೆಯಿಂದ ಬಂದ ಅಷ್ಟೂ ಒಪ್ಪಿಗೆ ಪತ್ರಗಳಲ್ಲಿ ಪಾಲಕರ ಸಹಿ ಒಂದೇ ಕೈಯದು, ಒಂದೇ ಹಸಿರು ಪೆನ್ನಿನದು. ಫೋನ್ ಮಾಡಿ ತರಾಟೆಗೆ ತೆಗೆದುಕೊಂಡೆ. ಆ ಶಾಲೆಯ ಜವಾನ ಫೋನ್ ಇಸಿದುಕೊಂಡು, "ನಾನೇ ಮಾಡೀನ್ರಿ ಟೀಚರ್. ಎಲ್ಲಾರೂ ನಮ್ಮ ಮಂದೀನೇ, ಒಬ್ಬರೂ ಒಲ್ಲೆ ಅನ್ನಂಗಿಲ್ರಿ" ಎಂದ. ಎಂಥ ವಿಶ್ವಾಸ ನೋಡಿ! ಒಲ್ಲೆ ಅನ್ನುವವರಿಗೆ ಅವಕಾಶವನ್ನೇ ಕೊಡದಿದ್ದರೆ ಯಾರು ತಾನೇ ಒಲ್ಲೆ ಅಂದಾರು?

ಈ ಒಲ್ಲೆ ಅನ್ನುವ ವಿಷಯವನ್ನು ನನಗೆ ಸರಿಯಾಗಿ ಕಲಿಸಿದ್ದು ಕೋಳಿಗಳು. ಅಫಜಲಪುರ ತಾಲೂಕಿನಲ್ಲಿ, ಗೊಬ್ಬೂರ ಕಡೆಯ ಒಂದು ಹಳ್ಳಿಯ ಹುಡುಗಿ, ಹಾಡು ಕೇಳಿಸಿದರೆ ಕೋಳಿ ಹೆಚ್ಚು ಮೊಟ್ಟೆ ಇಡುತ್ತದೆಯೇ ಎಂಬ ಪ್ರಯೋಗಕ್ಕೆ ಅರ್ಜಿ ಹಾಕಿದಳು. ಬೆಳಗಿನಿಂದ ಸಂಜೆಯವರೆಗೆ ಗೂಡಿನ ಮುಂದೆ ಧ್ವನಿವರ್ಧಕ! ಕಟ್ಟಾ ಶಿವಭಕ್ತರಾದ ಬಿರಾದಾರ ಸರ್, "ಮೊಟ್ಟಿ ಕೋಳಿ ನನ್ನ ಮುಂದ ತರಬ್ಯಾಡ್ರಿ, ಎಲ್ಲಿ ಸಹಿ ಹೇಳ್ರಿ" ಎಂದು ಪೆನ್ನು ತೆಗೆದರು. ಡಾಕ್ಟರು ಫಾರಮ್ಮನ್ನು ಮೂರನೆಯ ಸಲ ಓದಿ, "ಕೋಳಿಗಿ ಹಾಡು ಸೇರಲಿಲ್ಲಂದ್ರ ಅದು ಏನು ಮಾಡಬೇಕ್ರಿ?" ಎಂದು ಕೇಳಿದರು. ನಾವು ನಕ್ಕೆವು. ಅವರು ನಗಲಿಲ್ಲ. ಕೊನೆಗೆ ಗೂಡಿನ ಬಾಗಿಲು ತೆರೆದಿಟ್ಟು ಪ್ರಯೋಗ ಮಾಡಬೇಕೆಂಬ ಷರತ್ತು ಹಾಕಿ ಒಪ್ಪಿಗೆ ಕೊಟ್ಟೆವು.

ಏನಾಯಿತು ಅನ್ನುತ್ತೀರಿ? ಹಾಡು ಶುರುವಾದ ಎರಡನೆಯ ದಿನ ಕೋಳಿಗಳೆಲ್ಲ ಸಾಲಾಗಿ ಪಕ್ಕದ ಮನೆಗೆ ನಡೆದು, ಅಲ್ಲಿ ಮೊಟ್ಟೆ ಇಟ್ಟವು! ಪಕ್ಕದ ಮನೆಯಾಕೆಯ ಸಂತೋಷ ಹೇಳತೀರದು. ಹುಡುಗಿ ಮಾತ್ರ ಧೈರ್ಯಗೆಡದೆ, ಪ್ರಯೋಗದ ಫಲಿತಾಂಶ ಎಂಬಲ್ಲಿ "ಕೋಳಿಗಳು ಒಲ್ಲೆ ಅಂದವು" ಎಂದು ಬರೆದಳು. ಆ ವಾಕ್ಯ ಓದಿ ನಾನು ಕುಣಿಯುವುದೊಂದು ಬಾಕಿ. ಅಂಥ ನಿಯತ್ತಿನ ಫಲಿತಾಂಶವನ್ನು ದೊಡ್ಡ ದೊಡ್ಡವರ ವರದಿಗಳಲ್ಲೂ ನಾನು ಕಂಡಿಲ್ಲ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ಜೇವರ್ಗಿ ತಾಲೂಕಿನ ಒಂದು ಊರು. ಹೆಸರು ಹೇಳುವುದಿಲ್ಲ. ಅಲ್ಲಿನ ಒಂಬತ್ತನೆಯ ತರಗತಿಯ ರೇಣುಕಾ ಎಂಬ ಹುಡುಗಿ ತನ್ನ ಓಣಿಯ ಇಪ್ಪತ್ತಾರು ಮನೆಗಳ ಕುಡಿಯುವ ನೀರನ್ನು ಪರೀಕ್ಷೆ ಮಾಡುತ್ತೇನೆಂದು ಬಂದಳು. ಮೊದಲು ಅವಳ ಯೋಜನೆ ಏನಿತ್ತು ಗೊತ್ತೇ? ನೀರಿನಲ್ಲಿರುವ ರೋಗಾಣುಗಳನ್ನು ಗಂಜಿಯಲ್ಲಿ ಹಾಕಿ, ಅಡುಗೆಮನೆಯ ಒಲೆಯ ಮಗ್ಗುಲಲ್ಲಿಟ್ಟು ಬೆಳೆಸುವುದು! "ಏ ಹುಚ್ಚಿ, ಮನಿ ಮಂದೀನೆಲ್ಲಾ ದವಾಖಾನಿಗಿ ಹಾಕಬೇಕಂತ ಮಾಡೀಯೇನು?" ಎಂದು ಬೈದೆ. ಡಾಕ್ಟರ್ ನಜೀರ್ ಬೈಯಲಿಲ್ಲ. ಒಳಗೆ ಮೊದಲೇ ಔಷಧ ಹಾಕಿದ ಸಣ್ಣ ಪರೀಕ್ಷಾ ಬಾಟಲಿಗಳನ್ನು ಕೊಡಿಸಿದರು. ನೀರು ತುಂಬಿ, ಬಿಗಿಯಾಗಿ ಮುಚ್ಚಿ, ಶಾಲೆಯ ಕಪಾಟಿನಲ್ಲಿ ಬೀಗ ಹಾಕಿ ಇಡಬೇಕು. ಹೊಲಸು ಸೇರಿದ ನೀರಾದರೆ ಎರಡು ದಿನದಲ್ಲಿ ಬಾಟಲಿ ಕಪ್ಪಾಗುತ್ತದೆ. ತೆರೆಯುವ ಪ್ರಶ್ನೆಯೇ ಇಲ್ಲ.

ಆಮೇಲೆ ಹೆಸರಿನ ಪ್ರಶ್ನೆ. ಯಾರ ಮನೆಯ ನೀರು ಕೆಟ್ಟದ್ದೆಂದು ಚಾರ್ಟಿನಲ್ಲಿ ಬರೆದರೆ ಆ ಮನೆಯವರು ತಲೆ ಎತ್ತಿ ತಿರುಗುವುದು ಹೇಗೆ? ಹೆಸರು ಬೇಡ, ನಂಬರ್ ಹಾಕು ಎಂದೆ. ರೇಣುಕಾ ಮಾರನೆಯ ವಾರವೇ ಪಟ್ಟಿ ತಂದಳು.

"ನೋಡ್ರಿ ಟೀಚರ್, ಹೆಸರು ಎಲ್ಲೂ ಇಲ್ರಿ. ಒಂದರಿಂದ ಇಪ್ಪತ್ತಾರು, ಬರೇ ನಂಬರ್ ಅವ."

"ಶಹಬ್ಬಾಸ್!" ಎಂದು ಸಹಿ ಹಾಕಿದೆ. ಹೊಸ ಮಾಸ್ತರರಿಗೆ ಮಾದರಿ ತೋರಿಸಲು ಆ ಫಾರಮ್ಮಿನ ನಕಲನ್ನೂ ಇಟ್ಟುಕೊಂಡೆ. ಅಷ್ಟು ಜಂಬ ನನಗೆ!

ಶಾಲೆಯ ಮೇಳದ ದಿನ ನಾನೂ ಹೋಗಿದ್ದೆ. ಇಪ್ಪತ್ತಾರು ಮನೆಗಳಲ್ಲಿ ಒಂದೇ ಒಂದು ಬಾಟಲಿ ಕಪ್ಪಾಗಿತ್ತು, ಹದಿನಾಲ್ಕನೆಯದು. ಓಣಿಯ ಹೆಣ್ಣುಮಕ್ಕಳೆಲ್ಲ ಚಾರ್ಟಿನ ಮುಂದೆ ನೆರೆದರು. ಒಬ್ಬಾಕೆ ಬೆರಳಿಟ್ಟು ಎಣಿಸತೊಡಗಿದಳು.

"ಒಂದು ಅಂದ್ರ ಅಗಸಿ ಬಾಜೂಕಿನ ಗೌಡರ ಮನಿ. ಎರಡು ನಮ್ಮ ಕಾಕಾಂದು. ಮೂರು..."

ಅಗಸಿ ಅಂದರೆ ಊರಿನ ಹೆಬ್ಬಾಗಿಲು. ನಮ್ಮ ಕಡೆ ಊರೊಳಗೆ ಯಾವ ಮನೆಯ ಗುರುತು ಹೇಳುವುದಿದ್ದರೂ ಅಗಸಿಯಿಂದಲೇ ಹೇಳುತ್ತಾರೆ. ಹೊಸಬರು ದಾರಿ ಕೇಳಿದರೆ ಅಗಸಿಯಿಂದ ಎಷ್ಟನೆಯದೆಂದು ಕೂಸುಗಳೂ ಹೇಳುತ್ತವೆ. ರೇಣುಕಾಳೂ ಆ ಊರಿನ ಕೂಸೇ. ಅಗಸಿಯಿಂದ ನಡೆಯುತ್ತ, ಸಿಕ್ಕ ಕ್ರಮದಲ್ಲೇ ನಂಬರ್ ಹಾಕಿದ್ದಳು. ನಾನು ಈ ಸೀಮೆಯಲ್ಲೇ ಹುಟ್ಟಿ ಬೆಳೆದವಳು, ಹಾಗೇ ದಾರಿ ಕೇಳಿ ಕೇಳಿ ಕಾಲು ಸವೆಸಿದವಳು. ನನಗೆ ಹೊಳೆಯಲಿಲ್ಲ!

"ಹನ್ನೆರಡು, ಹದಿಮೂರು, ಹದಿನಾಲ್ಕು... ಯವ್ವಾ! ರೊಟ್ಟಿ ನೀಲಮ್ಮಂದಲ್ಲಬೇ ಇದು?"

"ಅಕಿ ರೊಟ್ಟೀನೇ ತಿಂದೇವಲ್ಲಬೇ ಮೊನ್ನಿ ಕಾರ್ಯದಾಗ!"

ಓಡಿಹೋಗಿ ಚಾರ್ಟು ಕಿತ್ತೆ. ಕಿತ್ತದ್ದರಿಂದ ಏನು ಉಪಯೋಗ? ಚಾರ್ಟು ನನ್ನ ಕೈಯಲ್ಲಿತ್ತು, ಸುದ್ದಿ ಊರಿನ ಬಾಯಲ್ಲಿತ್ತು.

ರೊಟ್ಟಿ ನೀಲಮ್ಮ ಯಾರೆಂದು ಆ ದಿನವೇ ಕೇಳಿ ತಿಳಿದೆ. ಗಂಡ ತೀರಿಹೋದ ಮೇಲೆ ಜೋಳದ ರೊಟ್ಟಿ ಮಾಡಿ ಮಾರಿ ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಿದ್ದಳು. ಸುತ್ತಲ ಊರುಗಳ ಮದುವೆ, ಸೀಮಂತಗಳಿಗೆ ಅವಳದೇ ರೊಟ್ಟಿ. ಜೇವರ್ಗಿಯ ಒಂದು ಖಾನಾವಳಿಗೂ ದಿನಾ ಹೋಗುತ್ತಿತ್ತು. ಮೂರು ದಿನ ಬಿಟ್ಟು ರೇಣುಕಾಳನ್ನು ಕರೆದುಕೊಂಡು ಅವಳ ಮನೆಗೆ ಹೋದೆ. ಹುಡುಗಿ ದಾರಿಯುದ್ದಕ್ಕೂ ಅಳುತ್ತಿದ್ದಳು. ಓಣಿಗೆಲ್ಲ ಕೇಳುವ ರೊಟ್ಟಿ ಬಡಿಯುವ ಸದ್ದು ಆ ಮನೆಯಿಂದ ಬರುತ್ತಿರಲಿಲ್ಲ. ನೀಲಮ್ಮ ಹಿಟ್ಟಿನ ಡಬ್ಬಿಯ ಮುಂದೆ ಸುಮ್ಮನೆ ಕುಳಿತಿದ್ದಳು.

"ಬರ್ರಿ ಅಕ್ಕಾರ, ಬರ್ರಿ" ಎಂದಳು. "ಎಣಿಸ್ಕೋತ ಬಂದ್ರೇನ್ರಿ? ಲೆಕ್ಕ ತಪ್ಪಲಿಲ್ಲಲ್ಲ?"

"ತಪ್ಪು ನಂದು ನೀಲಮ್ಮ. ಈ ಹುಡುಗಿದಲ್ಲ. ಸಹಿ ಮಾಡಿದಕಿ ನಾನು."

"ತಪ್ಪು ನಿಮ್ಮದು, ಮನಿ ನಂದು. ಲಗ್ನದವರು ರೊಟ್ಟಿ ಬ್ಯಾಡ ಅಂತ ಹೇಳಿ ಕಳಿಸ್ಯಾರ. ಖಾನಾವಳಿಯವರು ಫೋನೇ ಎತ್ತವಲ್ಲರು. ಅಲ್ರಿ, ನಾ ಎಸರು ಕುದಿಸಿ ಹಿಟ್ಟು ನಾದಾಕಿ. ಎಸರು ಕುದೀಲಿಲ್ಲಂದ್ರ ರೊಟ್ಟಿ ಹರೀತಾವ. ಇದು ಯಾ ಹೆಣ್ಮಗಳಿಗಿ ಗೊತ್ತಿಲ್ಲ ಹೇಳ್ರಿ? ಆಮ್ಯಾಲ ಬೆಂಕಿ ಮ್ಯಾಲ ಬೇಯಸ್ತೇನಿ. ಅದ್ರಾಗ ಯಾ ರೋಗ ಉಳಿತದ?"

ಅವಳು ಹೇಳಿದ್ದು ನೂರಕ್ಕೆ ನೂರು ಸರಿಯಾಗಿತ್ತು. ವಿಜ್ಞಾನ ಓದಿದ ನನಗೆ ಅದು ಮೇಳದಲ್ಲೇ ಹೊಳೆಯಬೇಕಿತ್ತು, ನಿಂತ ಕಾಲಲ್ಲೇ ಕೂಗಿ ಹೇಳಬೇಕಿತ್ತು.

"ಹುಡುಗಿ ಬಂದು ಕುಡಿಯೂ ನೀರು ಕೊಡ್ರಿ ಅಂತು. ನಾ ಏನು ಕುಡೀತೇನೋ ಅದನ್ನೇ ಬಿಂದಗ್ಯಾಗಿಂದ ಕೊಟ್ಟೆ. ಖರೇ ಕೊಟ್ಟದ್ದೇ ತಪ್ಪಾತೇನ್ರಿ?" ಎಂದು ನೀಲಮ್ಮ ಮುಖ ತಿರುಗಿಸಿದಳು. ನಮಗೆ ಒಂದು ಲೋಟ ನೀರೂ ಕೊಡಲಿಲ್ಲ. ನಮ್ಮ ಕಡೆ ವೈರಿ ಬಂದರೂ ನೀರು ಕೊಡುತ್ತಾರೆ. ಅವಳ ಸಿಟ್ಟು ಎಷ್ಟಿತ್ತೆಂದು ಅದರಲ್ಲೇ ತಿಳಿಯಿರಿ.

ಅವಳ ರೊಟ್ಟಿಗೆ ಏನೂ ಆಗಿಲ್ಲವೆಂದು ಮನೆ ಮನೆಗೆ ಹೇಳಿಬರುವುದೆಂದು ನಾನೂ ರೇಣುಕಾಳೂ ಹೊರಟೆವು. ಮೊದಲ ಮನೆಯಲ್ಲಿ ಕೂರಿಸಿದರು, ಸ್ಟೀಲಿನ ಲೋಟದಲ್ಲಿ ನೀರು ಕೊಟ್ಟರು. ಎರಡನೆಯ ಮನೆಯಲ್ಲೂ ನೀರು. ಮೂರನೆಯ ಮನೆಯಾಕೆ ಒಳಗಿನ ಕೋಣೆಯಿಂದ ನೀರು ತಂದು ನನ್ನ ಕೈಗಿಟ್ಟಳು. ಅಷ್ಟರಲ್ಲಿ ಅವಳ ಮಗು ನೀರು ಬೇಕೆಂದಿತು. ಆಕೆ ಬಾಗಿಲ ಬಳಿಯ ಬಿಂದಿಗೆಯಿಂದ ಮೊಗೆದು ಮಗುವಿಗೆ ಕುಡಿಸಿದಳು. ನಾನು ಬಾಯಿಗಿಟ್ಟ ಲೋಟವನ್ನು ಕೆಳಗಿಳಿಸಿದೆ.

"ಅಲ್ಲವ್ವಾ, ನನಗ ಒಳಗಿಂದು ಕೊಟ್ಟಿ, ಕೂಸಿಗಿ ಈ ಬಿಂದಗ್ಯಾಗಿಂದು ಕೊಟ್ಟೆಲ್ಲ?"

"ಅದು ನಿಮಗಂತ ಇಟ್ಟದ್ರಿ ಅಕ್ಕಾರ, ಫಿಲ್ಟರ್ ನೀರು. ಕ್ಯಾನಿನ್ಯಾಗ ತಂದು ಇಟ್ಟಿರ್ತೇವಿ. ಮನಿಗಿ ಬಂದವರಿಗಿ ನಳದ ನೀರು ಕೊಡ್ತಾರೇನ್ರಿ? ನಾವು ಇದೇ ಬಿಂದಗೀದು ಕುಡೀತೇವಿ."

"ಮತ್ತ ಹೋದ ತಿಂಗಳ ಈ ರೇಣುಕಾ ಬಾಟಲಿ ಹಿಡ್ಕೊಂಡು ಬಂದಾಗ ಯಾವುದು ಕೊಟ್ಟಿ?"

"ಸಾಲಿ ಕೆಲಸಕ್ಕ ಬಂದಿತ್ತಲ್ರಿ ಕೂಸು. ಛಲೋದೇ ಕೊಟ್ಟೇವ್ರಿ" ಎಂದು ಆಕೆ ಹೆಮ್ಮೆಯಿಂದ ಹೇಳಿದಳು. "ಮನಿ ಮಾನ ಹೋಗಬಾರ್ದಲ್ಲ!"

ನಾನು ಎದ್ದು ಕುಣಿದೇಬಿಟ್ಟೆ. ಲೋಟದ ನೀರೆಲ್ಲ ಸೀರೆಯ ಮೇಲೆ. ರೇಣುಕಾ ಅಳು ನಿಲ್ಲಿಸಿ, ಟೀಚರಿಗೆ ಏನೋ ಆಯಿತೆಂದು ನನ್ನ ರಟ್ಟೆ ಹಿಡಿದಳು. ಉಳಿದ ಮನೆಗಳಿಗೂ ಓಡಿದೆವು, ನಡೆದದ್ದಲ್ಲ, ಓಡಿದ್ದು. ಎಲ್ಲಿ ಕೇಳಿದರೂ ಅದೇ ಉತ್ತರ. ಕೆಲವರು ಕ್ಯಾನಿನ ನೀರು ಕೊಟ್ಟಿದ್ದರು, ಕ್ಯಾನು ಇಲ್ಲದವರು ಪಕ್ಕದ ಮನೆಯಿಂದ ಒಂದು ತಂಬಿಗೆ ಇಸಿದು ತಂದು ಕೊಟ್ಟಿದ್ದರು. ಹುಡುಗಿ ಓಣಿಯ ನೀರನ್ನು ಪರೀಕ್ಷೆ ಮಾಡಿರಲಿಲ್ಲ, ಓಣಿಯ ಅತಿಥಿ ಸತ್ಕಾರವನ್ನು ಪರೀಕ್ಷೆ ಮಾಡಿದ್ದಳು! ಮನೆಯವರು ನಿಜವಾಗಿ ಕುಡಿಯುವ ನೀರು ಕೊಟ್ಟವಳು ಒಬ್ಬಳೇ, ಹದಿನಾಲ್ಕನೆಯ ಮನೆಯ ನೀಲಮ್ಮ. ಅವಳನ್ನೇ ನಾವು ಊರ ಮುಂದೆ ನಿಲ್ಲಿಸಿದ್ದೆವು.

ಸಮಿತಿ ಸೇರಿತು. ಅಮಾವಾಸ್ಯೆಗೆ ಘತ್ತರಗಿಗೆ ಹೋಗಿಬಂದ ಬಿರಾದಾರ ಸರ್ ಮೊದಲು ನಮಗೆಲ್ಲ ಪ್ರಸಾದ ಕೊಟ್ಟರು, ಆಮೇಲೆ ತಮ್ಮ ತೀರ್ಪು ಕೊಟ್ಟರು. "ಪ್ರಯೋಗ ರದ್ದು ಮಾಡ್ರಿ. ಫಾರಂ ಹರದು ಒಗೀರಿ. ನಿಮ್ಮ ಹೆಸರಿಗಿ ಯಾಕ ಮಸಿ ಹಚ್ಕೋತೀರಿ? ನಾಕು ದಿನ ಆದ್ರ ಊರು ಮರೀತದ."

"ಊರು ಮರೀತದ್ರಿ ಸರ್, ಖಾನಾವಳಿಯವರು ಬ್ಯಾರೆ ಕಡಿ ರೊಟ್ಟಿ ಹಿಡೀತಾರ. ನೀಲಮ್ಮ ಏನು ಮಾಡಬೇಕ್ರಿ?" ನನ್ನ ದನಿ ಏರಿತು. ಬಿರಾದಾರ ಸರ್‌ಗೆ ಅಷ್ಟು ವರ್ಷಗಳಲ್ಲಿ ನಾನು ಎದುರು ಮಾತಾಡಿದ್ದು ಅದೇ ಮೊದಲು.

ಡಾಕ್ಟರ್ ನಜೀರ್ ಕನ್ನಡಕ ತೆಗೆದು ಒರೆಸಿದರು. "ಬಿರಾದಾರ ಸಾಬ್, ನಮ್ಮ ದವಾಖಾನ್ಯಾಗ ಚೀಟಿ ಹರದ್ರ ಬ್ಯಾನಿ ಹೋಗಂಗಿಲ್ರಿ. ಆ ಕೂಸುಗಳು ಇವತ್ತೂ ಅದೇ ನೀರು ಕುಡಿಯಾಕತ್ತಾವ."

ಅಲ್ಲಿಗೆ ವಾದ ಮುಗಿಯಿತು. ಹಳೆಯ ಫಾರಮ್ಮಿನ ಮೇಲೆ, "ನಂಬರುಗಳಿಂದ ಮನೆಯ ಗುರುತು ಸಿಗುತ್ತದೆಂದು ನಾನು ನೋಡಲಿಲ್ಲ. ತಪ್ಪು ನನ್ನದು" ಎಂದು ಬರೆದು ಸಹಿ ಮಾಡಿದೆ. ಬಿರಾದಾರ ಸರ್ ಅದನ್ನು ಇಸಿದುಕೊಂಡರು. ನನ್ನ ಆಣೆಗೂ ಹೇಳುತ್ತೇನೆ, ಮೊದಲ ಬಾರಿಗೆ ಮೇಲಿನಿಂದ ಕೆಳಗಿನವರೆಗೆ ಓದಿದರು! ಓದಿ, ನನ್ನ ಸಹಿಯ ಕೆಳಗೆ ತಾವೂ ಸಹಿ ಮಾಡಿ, "ನಾನೂ ನೋಡಿರಲಿಲ್ಲ" ಎಂದು ಸೇರಿಸಿದರು.

ಪ್ರಯೋಗ ಮತ್ತೆ ಮೊದಲಿನಿಂದ. ಈ ಸಲ ನಂಬರುಗಳನ್ನು ಚೀಟಿ ಎತ್ತಿ ಹಾಕಿದೆವು, ಯಾವ ನಂಬರು ಯಾರದೆಂಬ ಪಟ್ಟಿ ಡಾಕ್ಟರ ಬಳಿ ಮಾತ್ರ. ಪ್ರತಿ ಮನೆಯಲ್ಲೂ ಮೊದಲು, "ಕೊಡೂದು ಬಿಡೂದು ನಿಮ್ಮ ಮರ್ಜಿ" ಎಂದು ಹೇಳಬೇಕು. ಕೋಳಿಗಳಿಗೆ ತೆರೆದಿಟ್ಟ ಬಾಗಿಲು ಮನುಷ್ಯರಿಗೂ ಬೇಡವೇ? ಇಬ್ಬರು ಒಲ್ಲೆ ಅಂದರು, ನಮಸ್ಕಾರ ಹೇಳಿ ಮುಂದೆ ಹೋದೆವು. ಉಳಿದವರಿಗೆ ರೇಣುಕಾ ಕೇಳಿದ ಪ್ರಶ್ನೆಯೂ ಬದಲಾಗಿತ್ತು. "ಇವತ್ತು ಮುಂಜಾನಿ ನಿಮ್ಮ ಕೂಸಿಗಿ ಯಾವ ನೀರು ಕುಡಿಸೀರಿ? ಅದನ್ನೇ ಕೊಡ್ರಿ."

ಎರಡು ದಿನದ ಮೇಲೆ ಕಪಾಟಿನ ಬೀಗ ತೆಗೆದಾಗ ನಾನು ಅಲ್ಲೇ ಇದ್ದೆ. ಕಪ್ಪು! ಅದರ ಪಕ್ಕದ್ದು ಕಪ್ಪು! ಮತ್ತೆ ಕಪ್ಪು! ರೇಣುಕಾ ಕಿರುಚಿದಳು, ನಾನು ಅವಳಿಗಿಂತ ಜೋರಾಗಿ ಕಿರುಚಿದೆ. ಎಣಿಸಿದರೆ ಅರ್ಧಕ್ಕಿಂತ ಹೆಚ್ಚು ಬಾಟಲಿಗಳು ಕಪ್ಪಾಗಿದ್ದವು. ಆಮೇಲೆ ಇಬ್ಬರಿಗೂ ನಾಚಿಕೆಯಾಯಿತು. ಊರ ನೀರು ಕೆಟ್ಟಿದೆ ಎಂದು ಯಾರಾದರೂ ಹಿಗ್ಗುತ್ತಾರೆಯೇ? ಚಾರ್ಟಿಗೆ ಕೈ ಹಚ್ಚುವ ಮೊದಲು ಡಾಕ್ಟರೇ ತಮ್ಮ ಪಟ್ಟಿ ಹಿಡಿದು ನೀರು ಕೊಟ್ಟ ಪ್ರತಿ ಮನೆಗೂ ಹೋಗಿ, ಅವರ ಫಲಿತಾಂಶವನ್ನು ಅವರಿಗಷ್ಟೇ ಹೇಳಿ, ನೀರು ಕುದಿಸಿ ಆರಿಸಿ ಕುಡಿಯಲು ತಿಳಿಸಿದರು.

ಕಾರಣ ಹುಡುಕಿದ್ದೂ ರೇಣುಕಾಳೇ. ನೀರಿನ ಒತ್ತಡ ಕಡಿಮೆ ಇರುವುದರಿಂದ ಆ ಓಣಿಯಲ್ಲಿ ಎಲ್ಲರೂ ಮನೆ ಮುಂದೆ ಗುಂಡಿ ತೋಡಿ, ನಳವನ್ನು ಗುಂಡಿಯೊಳಗೆ ಇಳಿಸಿಕೊಂಡಿದ್ದರು. ನೀರು ನಿಂತ ಮೇಲೆ ಗುಂಡಿಯ ಹೊಲಸು ಪೈಪಿನೊಳಗೆ ಸೇರುತ್ತಿತ್ತು. ಪಂಚಾಯಿತಿಯವರು ಬಂದು ನೋಡಿದರು, ಆ ಬೇಸಿಗೆಯಲ್ಲೇ ಗುಂಡಿಗಳು ಮುಚ್ಚಿದವು, ನಳಗಳು ಮೇಲೆ ಬಂದವು. ಒಂಬತ್ತನೆಯ ತರಗತಿಯ ಹುಡುಗಿ ಮಾಡಿದ ಕೆಲಸ ಅದು!

ಈಗೆಲ್ಲ ಫಾರಮ್ಮುಗಳು ಫೋನಿಗೇ ಬರುತ್ತವೆ, ಒತ್ತಿದರೆ ಒಪ್ಪಿಗೆ. ಒಳ್ಳೆಯದೇ, ಹಸಿರು ಪೆನ್ನಿನ ಕಾಟ ತಪ್ಪಿತು. ಆದರೆ ಅಗಸಿಯಿಂದ ಎಣಿಸುತ್ತಾರೆಂಬುದು ಫೋನಿಗೆ ಗೊತ್ತಿಲ್ಲ, ಅತಿಥಿಗೆ ಬೇರೆ ನೀರು ಇಡುತ್ತಾರೆಂಬುದೂ ಗೊತ್ತಿಲ್ಲ. ಒತ್ತುವ ಮುಂಚೆ ಒಂದು ಸಲ ಆ ಓಣಿಯಲ್ಲಿ ನಡೆದು ಬನ್ನಿ.

ಜೇವರ್ಗಿಯ ತಾಲೂಕು ಮೇಳದ ದಿನ ಬೆಳಿಗ್ಗೆ ರೇಣುಕಾಳ ಮೇಜಿನ ಬಳಿ ನಿಂತಿದ್ದೆ. ಬಾಗಿಲಲ್ಲಿ ನೀಲಮ್ಮ ಕಾಣಿಸಿದಳು. ಹಸಿರು ಇಳಕಲ್ ಸೀರೆ, ತಲೆ ಮೇಲೆ ಸೆರಗು. ನೇರವಾಗಿ ಚಾರ್ಟಿನ ಮುಂದೆ ಬಂದು ನಿಂತಳು. ಮಕ್ಕಳನ್ನು ಓದಿಸುತ್ತ ತಾನೂ ಓದಲು ಕಲಿತಿದ್ದಳು. ಒಂದೊಂದೇ ಅಕ್ಷರ ಕೂಡಿಸಿ ಓದಿ ಮುಗಿಸಿದಳು.

"ನನ್ನ ಹೆಸರು ಎಲ್ಲಿ ಅದ ರೀ?"

"ಯಾರ ಹೆಸರೂ ಹಾಕಂಗಿಲ್ಲ ನೀಲಮ್ಮ. ನಿನ್ನ ಮಾನ ಕಾಯೂ ಸಲುವಾಗೇ..."

"ಅಲ್ರಿ ಅಕ್ಕಾರ" ಎಂದು ನನ್ನ ಮಾತು ತಡೆದಳು. ದನಿ ಏರಿಸಲಿಲ್ಲ. "ನನ್ನ ನೀರು ಕೆಟ್ಟದ್ದು ಅಂದಾಗ ಊರೆಲ್ಲಾ ಎಣಿಸಿ ನನ್ನ ಮನಿ ಹುಡುಕಿತು. ಈಗ ಖರೇ ನೀರು ಕೊಟ್ಟಾಕಿ ನಾ ಒಬ್ಬಾಕೆ ಅಂತ ಗೊತ್ತಾಗ್ಯದ. ಈಗ ಯಾಕ ನನ್ನ ಮುಚ್ಚಿಡ್ತೀರಿ?"

ಅಷ್ಟು ವರ್ಷ ಹೆಸರು ಅಳಿಸುವುದೇ 'ಧರ್ಮ' ಎಂದುಕೊಂಡಿದ್ದವಳು ನಾನು. ಹೆಸರು ಹಾಕಿರೆಂದು ಕೇಳುವ ಹಕ್ಕೂ ಅವರದೇ ಎಂಬುದು ನನ್ನ ತಲೆಗೆ ಎಂದೂ ಬಂದಿರಲಿಲ್ಲ. ಡಾಕ್ಟರ್ ನಜೀರ್ ಒಂದು ಹೊಸ ಒಪ್ಪಿಗೆ ಪತ್ರ ತೆಗೆದು, ಅವಳಿಗೆ ನಿಧಾನವಾಗಿ ಓದಿ ಹೇಳಿದರು. ಹೆಸರು ಹಾಕಿದರೆ ಯಾರು ಯಾರು ನೋಡಬಹುದು, ಏನು ಅನ್ನಬಹುದು, ಈಗಲೂ ಬೇಡ ಅನ್ನಬಹುದು, ಎಲ್ಲವನ್ನೂ. ನೀಲಮ್ಮ ಪೂರ್ತಿ ಕೇಳಿ ಸಹಿ ಮಾಡಿದಳು.

ನಾನು ದಪ್ಪ ಪೆನ್ನು ಎತ್ತಿಕೊಂಡು, ಸರಕಾರಿ ರೂಢಿಯಂತೆ ಅವಳ ಹೆಸರು ಬರೆದು, ಗಂಡನ ಹೆಸರು ಏನೆಂದು ಕೇಳಿದೆ.

"ಅದು ಬ್ಯಾಡ್ರಿ. ರೊಟ್ಟಿ ನೀಲಮ್ಮ ಅಂತೇ ಬರೀರಿ. ಹಂಗ ಬರದ್ರೇ ಮಂದಿಗಿ ಗುರ್ತು ಹತ್ತೂದು."

ಚಾರ್ಟಿನ ಕೆಳಗೆ ದೊಡ್ಡ ಅಕ್ಷರಗಳಲ್ಲಿ ಬರೆದೆ: "ಮೊದಲ ಸಲವೇ ಮನೆಯಲ್ಲಿ ಕುಡಿಯುವ ನೀರನ್ನೇ ಕೊಟ್ಟವರು ಇವರೊಬ್ಬರೇ, ರೊಟ್ಟಿ ನೀಲಮ್ಮ. ಇವರು ರೊಟ್ಟಿಗೆ ಎಸರನ್ನು ಕುದಿಸುತ್ತಾರೆ." ಎರಡನೆಯ ಸಾಲನ್ನು ಸೇರಿಸಬೇಕೆಂದದ್ದು ರೇಣುಕಾ. ಮಧ್ಯಾಹ್ನದ ಹೊತ್ತಿಗೆ ಓಣಿಯವರು ಟೆಂಪೊ ಮಾಡಿಕೊಂಡು ಬಂದರು. ಶಾಲೆಯಲ್ಲಿ ಬೆರಳಿಟ್ಟು ಎಣಿಸಿದ್ದ ಆಕೆಯೇ ಚಾರ್ಟಿನ ಮುಂದೆ ನಿಂತು ಓದಿದಳು. ಆಮೇಲೆ ಸೆರಗಿನ ತುದಿ ತಿರುವುತ್ತ ನೀಲಮ್ಮನ ಬಳಿ ಹೋದಳು. "ನೀಲಮ್ಮ, ಬರೂ ಸೋಮಾರ ನಮ್ಮ ಮನಿ ಕಾರ್ಯ ಅದಬೇ. ರೊಟ್ಟಿ ನಿಂದೇ."

"ನೋಡ್ತೇನಿ ತಡಿ, ಕೆಲಸ ಭಾಳ ಅದ" ಎಂದಳು ನೀಲಮ್ಮ. ಒಂದು ರೊಟ್ಟಿಯ ಕೆಲಸವೂ ಕೈಯಲ್ಲಿ ಇರಲಿಲ್ಲ ಆ ಪುಣ್ಯಾತ್ಗಿತ್ತಿಗೆ! ನಾನು ಗೋಡೆಯ ಕಡೆ ಮುಖ ಮಾಡಿ ನಕ್ಕೆ, ಕಣ್ಣು ಒರೆಸಿಕೊಂಡೆ.

ಇದನ್ನು ಬರೆದು ಮುಗಿಸಿ, ಕಳಿಸುವ ಮೊದಲು, ಮೊನ್ನೆ ಜೇವರ್ಗಿ ಬಸ್ಸು ಹತ್ತಿ ಆ ಊರಿಗೆ ಹೋಗಿದ್ದೆ. ಅಗಸಿಯಲ್ಲಿ ಇಳಿದೆ, ಎಣಿಸುವ ಅಗತ್ಯ ಬೀಳಲಿಲ್ಲ. ಓಣಿಯ ತುದಿಗೇ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ನೀಲಮ್ಮ ಕೈಯ ಹಿಟ್ಟು ತೊಳೆದುಕೊಂಡು ಬಂದು ನನ್ನ ಮುಂದೆ ಒಂದು ಲೋಟ ನೀರಿಟ್ಟಳು.

"ಒಳಗಿಂದೇನವ್ವಾ, ಹೊರಗಿಂದು?" ಎಂದು ಕೆಣಕಿದೆ.

"ನಾ ಕುಡಿಯೂದೇ ರೀ. ಕುದಿಸಿ ಆರಿಸಿದ್ದು."

ಕುಡಿದೆ. ಆಮೇಲೆ ಇಷ್ಟನ್ನೂ ಮೊದಲಿನಿಂದ ಅವಳಿಗೆ ಓದಿ ಹೇಳಿದೆ. ಸಾಹೇಬರ ಕೈಗೆ ಹೊಡೆದದ್ದು ಕೇಳಿ ಬಿದ್ದು ಬಿದ್ದು ನಕ್ಕಳು. ತನ್ನ ಮನೆಯ ಮಾತು ಬಂದಾಗ ತವೆಯ ಮೇಲಿನ ರೊಟ್ಟಿ ಕರಿಯಾದದ್ದೂ ಅವಳಿಗೆ ತಿಳಿಯಲಿಲ್ಲ. "ನೀಲಮ್ಮ, ನಿನ್ನ ಹೆಸರು ಹಿಂಗೇ ಬಿಡಲೋ, ಬದಲಿ ಮಾಡಲೋ? ಒಲ್ಲೆ ಅಂದ್ರ ಈಗೇ ಹೊಡದು ಹಾಕ್ತೇನಿ ನೋಡು" ಎಂದೆ.

ನೀಲಮ್ಮ ಸೆರಗಿಗೆ ಕೈ ಒರೆಸಿಕೊಂಡು ನನ್ನ ಕೈಚೀಲದಿಂದ ಪೆನ್ನು ತಾನೇ ತೆಗೆದುಕೊಂಡಳು.

"ಎಲ್ಲಿ ಸಹಿ ಮಾಡ್ಲಿ, ತೋರಸ್ರಿ."